ಬಲಗೈಯ ಬೆಲ್ಲ

ಪ್ರೀತಿಯ ವಾರಿಜಕ್ಕನಿಗೆ,

ನಿಮ್ಮ ಡಾಕ್ಟ್ರಮ್ಮ ಬರೆಯುವುದು. ಕ್ಷೇಮವಾ ಎಂದು ಕೇಳುವ ಹಾಗಿಲ್ಲ, ನೀವು ಹೋಗಿ ನಾಲ್ಕು ತಿಂಗಳಾಯಿತು. ಎಂಟು ವರ್ಷ ನಾವಿಬ್ಬರು ಮಾತಾಡಿದ್ದೆಲ್ಲ ತುಳುವಿನಲ್ಲಿ, ಜಗಳವೂ ತುಳುವಿನಲ್ಲೇ. ಬರೆಯಲು ಕೂತರೆ ಮಾತ್ರ ಕನ್ನಡ ಬರುತ್ತದೆ, ಶಾಲೆಯಲ್ಲಿ ಕಲಿತ ಅಭ್ಯಾಸ. ನೀವು ಐದನೇ ಕ್ಲಾಸು ಓದಿದವರು. ಪೇಪರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಿರಿ. ಮೊದಲು ತೀರಿಕೊಂಡವರ ಫೋಟೋ ಇರುವ ಪುಟ, ಉಳಿದದ್ದೆಲ್ಲ ಆಮೇಲೆ. ಅದಕ್ಕೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಡಾಕ್ಟ್ರ ಕೈಬರಹ ಬ್ರಹ್ಮನಿಗೂ ಓದಲಿಕ್ಕಾಗುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವರು ನೀವು. ಇವತ್ತಿನದನ್ನು ಓದಲೇಬೇಕು. ನನ್ನದೊಂದು ತಪ್ಪು ಒಪ್ಪಿಕೊಳ್ಳಲಿಕ್ಕುಂಟು. ಜತೆಗೆ, ನಿಮ್ಮದೊಂದು ಕಳ್ಳತನವೂ ನನಗೆ ಗೊತ್ತಾಗಿದೆ.

ನಮ್ಮ ಮೊದಲ ವಾರದ ಜಗಳ ನೆನಪುಂಟಾ? ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಆ ಹಂಚಿನ ಮನೆಯಲ್ಲಿ ಊರಿನ ನಾಲ್ಕು ಜನ ಸೇರಿ ಕ್ಲಿನಿಕ್ ತೆರೆದಿದ್ದರು. ಎರಡು ಕೋಣೆ, ಒಂದು ಜಗಲಿ, ಕಂಪೆನಿಯವರು ಬಿಟ್ಟುಹೋದ ಸ್ಯಾಂಪಲ್ ಮಾತ್ರೆಗಳ ಒಂದು ಕಪಾಟು. ವಾರಕ್ಕೆ ಮೂರು ಮಧ್ಯಾಹ್ನ ನಾನು. ಬಾಗಿಲಲ್ಲಿ ಚೀಟಿ ಕೊಡಲು ನೀವು. ನಲವತ್ತು ವರ್ಷ ಬೀಡಿ ಕಟ್ಟಿ ಕುತ್ತಿಗೆ ಹಿಡಿದುಕೊಂಡ ಮೇಲೆ ಈ ಕೆಲಸಕ್ಕೆ ಬಂದವರು. ನಂಬರ್ ಪ್ರಕಾರ ಒಳಗೆ ಬಿಡಿ ಎಂದು ನಾನು ಹೇಳಿದರೆ, "ನಂಬ್ರ ಎಲ್ಲ ಬ್ಯಾಂಕಿನಲ್ಲಿ ಡಾಕ್ಟ್ರೇ. ಕೊನೆಗೆ ಕೂತ ಅವಳಿಗೆ ಮೂರು ಗಂಟೆಯೊಳಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡ್ಲಿಕ್ಕುಂಟು, ಅವಳನ್ನು ಮೊದಲು ನೋಡಿ ಕಳಿಸುವ" ಎಂದಿರಿ. ನಾನು ಮುಖ ಊದಿಸಿಕೊಂಡು ನೋಡಿದೆ. ಮರುವಾರವೂ ಅದೇ. ಮೂರನೆಯ ವಾರಕ್ಕೆ ನಂಬರಿನ ಮಾತೇ ಬಿಟ್ಟೆ. ಮನೆಯಲ್ಲಿ ಗಂಡನ ಹತ್ತಿರವೂ ಅಷ್ಟು ಬೇಗ ಸೋತವಳಲ್ಲ ನಾನು.

ಯಲ್ಲವ್ವ ಮೊದಲ ಸಲ ಬಂದ ಮಧ್ಯಾಹ್ನ ನಾನು ಪರದೆಯ ಈಚೆ ಕೂತು ಎಲ್ಲ ಕೇಳಿಸಿಕೊಂಡಿದ್ದೆ. ಬಾಗಲಕೋಟೆ ಕಡೆಯಿಂದ ಗಂಡನ ಜತೆ ಬಂದು, ಇಲ್ಲಿಯ ಕಾಲೇಜು ಕಟ್ಟಡಗಳಿಗೆ ಕಲ್ಲು, ಮರಳು ಹೊರುವವಳು. ಗೇಟಿನ ಹತ್ತಿರವೇ ನಿಂತು, ಯಾರೂ ಕೇಳುವ ಮೊದಲೇ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆಯಲು ಶುರು ಮಾಡಿದಳು, ಆ ಸರಸರ ಸದ್ದು ನನಗೆ ಕೇಳುತ್ತಿತ್ತು. "ನನ್ನ ರೇಷನ್ ಕಾರ್ಡ್ ಊರಿಂದು ಐತ್ರಿ, ಇಲ್ಲಿ ಇದು ನಡ್ಯಾಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ್ರಿ..." ಅವಳ ಮಾತು ಮುಗಿಯಲು ನೀವು ಬಿಡಲಿಲ್ಲ. "ಕಾರ್ಡ್ ಇಲ್ಲಿ ಯಾರು ಕೇಳಿದ್ದು ಮಾರಾಯ್ತಿ? ಎಷ್ಟು ಬೆವರಿದ್ದೀ ನೋಡು. ಬಾ, ಕೂತ್ಕೋ." ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಚೆಂಬಿನ ಸದ್ದು. ನೀವು ಎಲೆ ಅಡಿಕೆ ಹಾಕುತ್ತಿದ್ದೀರಿ ಎಂದುಕೊಂಡೆ. ಏಳು ವರ್ಷಕ್ಕೂ ಮೇಲೆ ಆ ಡಬ್ಬಿಯನ್ನು ಎಲೆ ಅಡಿಕೆಯ ಡಬ್ಬಿ ಎಂದೇ ತಿಳಿದಿದ್ದವಳು ನಾನು. ತಿಳಿಯುವುದಾದರೂ ಹೇಗೆ? ಜಗಲಿಯಲ್ಲಿ ಹತ್ತು ಜನ ಹಿಡಿದು ನಿಲ್ಲಿಸುತ್ತಾರೆಂದು ಹೆದರಿ ನಾನು ಸ್ಕೂಟರನ್ನು ಹಿತ್ತಿಲಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲಿಂದಲೇ ಬಂದು ಹಿಂದಿನ ಬಾಗಿಲಿಂದಲೇ ಹೋಗುತ್ತಿದ್ದೆ.

ಶುಗರ್ ನೋಡುವ ಸಣ್ಣ ಮೆಷಿನ್ ಬಂದ ದಿನ ನಿಮಗಿಂತ ನನಗೇ ಹೆಚ್ಚು ಸಂಭ್ರಮ. ಗಲ್ಫಿನಲ್ಲಿರುವ ಒಬ್ಬರು ಪುಣ್ಯಾತ್ಮರು ಕಳಿಸಿದ್ದು. ಇನ್ನು ಯಾರನ್ನೂ ಹೊರಗಿನ ಲ್ಯಾಬಿಗೆ ಓಡಿಸಬೇಕಾಗಿಲ್ಲ, ಬೆರಳಿಗೆ ಒಂದು ಸೂಜಿ, ಒಂದು ಹನಿ ರಕ್ತ, ಅಲ್ಲೇ ಲೆಕ್ಕ ಸಿಗುತ್ತದೆ. ಎಡಗೈ ಕೊಡಿ, ಕೆಲಸದ ಕೈಗೆ ನೋವು ಬೇಡ ಎಂದು ನಾನು ಹೇಳುವುದು. ಅವರು ಬಲಗೈಯನ್ನೇ ಚಾಚುವುದು. ಡಾಕ್ಟ್ರಿಗೆ ಎಡಗೈ ಕೊಡುವುದುಂಟಾ ಎಂದು ನಾಚಿಕೊಳ್ಳುತ್ತಿದ್ದರು. ಆಯ್ತು ಎಂದು ಸ್ಪಿರಿಟಿನ ಹತ್ತಿಯಿಂದ ಬೆರಳು ಒರೆಸಿ ಚುಚ್ಚುತ್ತಿದ್ದೆ. ನೋಡಿದರೆ ಎಲ್ಲರದ್ದೂ ಮೇಲೆ. ಇನ್ನೂರೈವತ್ತು, ಮುನ್ನೂರು. ಮಾತ್ರೆ ಸರಿಯಾಗಿ ತಿನ್ನುವುದಿಲ್ಲ, ಪಥ್ಯ ಇಲ್ಲ, ಸುಳ್ಳು ಹೇಳುತ್ತಾರೆ ಎಂದು ಬೈದೆ. ಬೈದು ಮಾತ್ರೆ ಹೆಚ್ಚಿಸಿದೆ. ಫ್ಲೋರಿನ್ ಬಾಯಿಯವರದ್ದು ಮಾತ್ರ ಪ್ರತಿ ಸಲವೂ ಸರಿಯಾಗಿರುತ್ತಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಲ್ಲ, ಅವರೇ. ಕೈ ಮುರಿದುಕೊಂಡೂ ಪಥ್ಯ ಬಿಡದ ಇವರನ್ನು ನೋಡಿ ಕಲಿಯಿರಿ ಎಂದು ನಾನು ಪರದೆಯೊಳಗಿಂದ ಭಾಷಣ ಮಾಡಿದ್ದೂ ಉಂಟು. ಹೊರಗೆ ನೀವು ಕೆಮ್ಮಿದಿರಿ. ಅದು ಕೆಮ್ಮಾ, ನಗೆಯಾ?

ಯಲ್ಲವ್ವನನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ತಂದದ್ದು ಮಾರ್ಚ್ ಕೊನೆಯ ಸುಗ್ಗಿ ತಿಂಗಳ ಬಿಸಿಲಲ್ಲಿ. ಎರಡು ವಾರದ ಹಿಂದಷ್ಟೇ ಅವಳ ಶುಗರಿನ ಮಾತ್ರೆಯನ್ನು ನಾನು ಇಮ್ಮಡಿ ಮಾಡಿದ್ದೆ. ನಾನು ಹಿಂದಿನ ಬಾಗಿಲಿಂದ ಒಳಗೆ ಕಾಲಿಡುವಾಗ ಜಗಲಿಯಲ್ಲಿ ಗದ್ದಲ. ಪರದೆ ಸರಿಸಿ ಹೊರಗೆ ಬಂದರೆ, ಅವಳ ಮೈ ಒದ್ದೆ, ಕೈ ನಡುಕ, ಏನೇನೋ ಮಾತು. ನೀವು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟದಲ್ಲಿ ಏನನ್ನೋ ಗುಟುಕು ಗುಟುಕಾಗಿ ಕುಡಿಸುತ್ತಿದ್ದಿರಿ. ಬೆರಳು ಚುಚ್ಚಿ ನೋಡಿದೆ. ಶುಗರ್ ಪೂರ್ತಿ ಇಳಿದುಹೋಗಿದೆ, ಐವತ್ತೂ ಇಲ್ಲ. ಒಳಗಿಂದ ಗ್ಲೂಕೋಸ್ ತಂದು ನರಕ್ಕೆ ಕೊಟ್ಟೆ. ಕಾಲು ಗಂಟೆಯಲ್ಲಿ ಅವಳು ಕಣ್ಣರಳಿಸಿ, "ಯಾಕ್ರಿ, ಏನಾತು?" ಎಂದು ಕೇಳಿದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಚಿಕ್ಕದು ಆಗಿನ್ನೂ ಅಂಗನವಾಡಿಗೆ ಹೋಗುತ್ತಿತ್ತು. ಆ ಕಾಲು ಗಂಟೆಯಲ್ಲಿ ನಾನು ಆ ಮಗುವಿನ ಬಗ್ಗೆ ಯೋಚಿಸಿದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಆಮೇಲೆ ನಾನು ಕೇಳಿದೆ, "ಅವಳಿಗೆ ಎಂಥ ಕುಡಿಸಿದ್ರಿ?" ನೀವು ಡಬ್ಬಿ ತೋರಿಸಿದಿರಿ. ಬೆಲ್ಲ. "ಬೆಲ್ಲ ಎಲ್ಲಿಂದ ಬಂತು ಇಲ್ಲಿಗೆ?" ಬೆಂಚಿನ ಮೇಲಿದ್ದವರು ಏನೂ ಅರಿಯದೆ, ನಮಗೆಲ್ಲ ದಿನಾ ಕೊಡ್ತಾರಲ್ಲ ಎಂದರು. ಆಗ ನನ್ನ ತಲೆಯಲ್ಲಿ ಎಲ್ಲ ಒಟ್ಟಿಗೆ ಕೂಡಿತು. ಶುಗರಿನವರನ್ನು ಕೂರಿಸಿ, ಬೆಲ್ಲ ತಿನ್ನಿಸಿ, ನನ್ನ ಹತ್ತಿರ ಕಳಿಸುತ್ತಿದ್ದೀರಿ. ನಾನು ಆ ಲೆಕ್ಕ ನಂಬಿ ಮಾತ್ರೆ ಏರಿಸುತ್ತಿದ್ದೇನೆ. ಇವಳು ಸಾಯುವ ಹಾಗಾಗಿದ್ದಾಳೆ. ಹೆದರಿಕೆಗೆ ಬಾಯಿ ಜೋರಾಯಿತು. "ಬೆಲ್ಲ ಕೊಟ್ಟು ಜನರನ್ನು ಕೊಲ್ತೀರಾ ವಾರಿಜಕ್ಕ?" ಎಂದೆ. ಹದಿನೈದು ಜನರ ಎದುರು. ಅದೇ ಬೆಲ್ಲ ಆ ಹೊತ್ತಿಗೆ ನನಗಿಂತ ಮೊದಲು ಅವಳಿಗೆ ಮದ್ದಾಗಿತ್ತು ಎಂಬುದು ನನ್ನ ಕಣ್ಣೆದುರೇ ಇತ್ತು. ನೋಡುವ ಮನಸ್ಸಿರಲಿಲ್ಲ.

ನೀವು ಹೇಳಿದ್ದು ಒಂದೇ ಮಾತು. "ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಹೇಗೆ ಮಗಾ?" ಎಲ್ಲರೆದುರು ಯಾವತ್ತೂ ನನ್ನನ್ನು ಮಗಾ ಎಂದವರಲ್ಲ. ಇಬ್ಬರೇ ಇರುವಾಗ, ಕಪಾಟಿಗೆ ಬೀಗ ಹಾಕುವ ಹೊತ್ತಿಗೆ ಮಾತ್ರ ಬರುತ್ತಿದ್ದ ಮಾತು ಅದು. ನಾನೇನು ಮಾಡಿದೆ? "ಇದು ಮನೆ ಅಲ್ಲ, ಕ್ಲಿನಿಕ್" ಎಂದೆ. ಮಿಜಾರಿನ ನನ್ನ ಅಜ್ಜಿಮನೆಯಲ್ಲೂ ಹಾಗೇ ಇತ್ತು. ಜಗಲಿ ಹತ್ತಿದವರ ಕೈಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಯಾರು, ಏನು ಎಂಬ ವಿಚಾರಣೆ ಆಮೇಲೆ. ಎಲ್ಲ ಕಡೆ ಮೊದಲು ಕಾರ್ಡು ಕೇಳಿಸಿಕೊಂಡು ಬಂದವರಿಗೆ ನೀವು ಮೊದಲು ಬೆಲ್ಲ ಕೊಟ್ಟಿರಿ. ಅಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಆವತ್ತು...

ಮುಂದಿನ ಸಲದಿಂದ ಡಬ್ಬಿ ಜಗಲಿಯಲ್ಲಿ ಕಾಣಲಿಲ್ಲ. ಒಂದೇ ವಾರದಲ್ಲಿ ಎಲ್ಲರ ಶುಗರ್ ಇಳಿಯಿತು. ನೂರಮೂವತ್ತು, ನೂರೈವತ್ತು. ಹೆಚ್ಚಿಸಿದ ಮಾತ್ರೆಗಳನ್ನೆಲ್ಲ ಇಳಿಸಿದೆ. ನೋಡಿ, ನಾನು ಹೇಳಿದ್ದು ಸರಿಯಾಗಲಿಲ್ಲವಾ ಎಂದು ನಿಮ್ಮ ಮುಖ ನೋಡಿದೆ. ನೀವು ಚೀಟಿ ಹರಿಯುತ್ತಾ, "ಸರಿ ಡಾಕ್ಟ್ರೇ, ನೀವು ಕಲಿತವರು" ಎಂದಿರಿ. ಆರು ತಿಂಗಳು ನಾವು ಹೀಗೆ ಮರ್ಯಾದೆಯಿಂದ ಇದ್ದೆವು. ನೀವು ರಜೆ ಹಾಕಲಿಲ್ಲ, ಮುನಿಸು ತೋರಿಸಲಿಲ್ಲ, ಬೀಡಿ ಕೊಡಲಿಕ್ಕಿರುವವರನ್ನು ಮೊದಲು ಒಳಗೆ ಬಿಡುವುದನ್ನೂ ನಿಲ್ಲಿಸಲಿಲ್ಲ. ಮಗಾ ಎಂಬ ಮಾತು ಮಾತ್ರ ಮತ್ತೆ ಬರಲಿಲ್ಲ. ನಾನು ಒಂದು ದಿನ ಕ್ಷಮೆ ಕೇಳಬೇಕು ಎಂದುಕೊಂಡಿದ್ದೆ, ಬೈದ ರೀತಿಗಾದರೂ. ಶನಿವಾರ ಕೇಳುವ, ಮಂಗಳವಾರ ಕೇಳುವ ಎಂದು ಮುಂದೆ ಹಾಕಿದೆ. ಒಂದು ಆದಿತ್ಯವಾರ ಬೆಳಿಗ್ಗೆ ನಿಮ್ಮ ಮಗಳು ಸುಮತಿ ಫೋನ್ ಮಾಡಿದಳು. ನೀವು ಚಾಕ್ಕೆ ನೀರಿಟ್ಟು, ಎದೆ ಹಿಡಿದುಕೊಂಡು ಅಲ್ಲೇ ಕುಸಿದಿರಂತೆ. ನಾನು ಪುತ್ತಿಗೆಯ ನಿಮ್ಮ ಮನೆಗೆ ಬರುವಾಗ ಸ್ಟೆತೋಸ್ಕೋಪು ಚೀಲದಲ್ಲೇ ಇತ್ತು. ತೆಗೆಯುವ ಕೆಲಸ ಉಳಿದಿರಲಿಲ್ಲ. ಅಂಗಳದಲ್ಲಿ ಉಳಿದವರ ಜತೆ ನಾನೂ ನಿಂತೆ.

ಹೋದ ತಿಂಗಳು ನಿಮ್ಮ ಕೊಡೆ ಕೊಡಲು ಸುಮತಿಯ ಹತ್ತಿರ ಹೋಗಿದ್ದೆ. ಕ್ಲಿನಿಕ್ಕಿನ ಮೂಲೆಯಲ್ಲಿ ಅದನ್ನು ನೋಡುವುದು ನನಗೆ ಕಷ್ಟವಾಗಿತ್ತು. ಸುಮತಿ ನಿಮ್ಮ ಮಗಳೇ. ಏನು, ಎತ್ತ ಎಂದು ಕೇಳದೆ ಮೊದಲು ಕೈಗೆ ಬೆಲ್ಲ ಕೊಟ್ಟಳು, ಅಂಗೈ ತುಂಬುವ ತುಂಡು. ಎರಡೂ ಕೈಯಲ್ಲಿ ಹಿಡಿದು ಮುರಿದು ಅರ್ಧವನ್ನು ನಿಮ್ಮ ಮೊಮ್ಮಗಳಿಗೆ ಕೊಟ್ಟೆ. ಹೊರಡುವಾಗ ಅವಳು ನಿಮ್ಮ ಡಬ್ಬಿ ತಂದು, "ಇದು ಕ್ಲಿನಿಕ್ಕಿನದ್ದು ಡಾಕ್ಟ್ರೇ, ಶನಿವಾರ ತುಂಬಿಸ್ಲಿಕ್ಕೆ ಅಂತ ಮನೆಗೆ ತಂದಿದ್ರು" ಎಂದಳು. ತುಂಬಿಸಲಿಕ್ಕಾ? ಆರು ತಿಂಗಳ ಮೊದಲೇ ನಿಂತುಹೋಗಿದ್ದ ಡಬ್ಬಿಯನ್ನು ಆಗ ತುಂಬಿಸುವುದೇನು? ಕೇಳಬೇಕೆನಿಸಿತು, ಹೊತ್ತಾಗಿತ್ತು, ಡಬ್ಬಿ ತಕೊಂಡು ಹೊರಟೆ.

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಬಂದೆ. ಶುಗರ್ ಮೆಷಿನ್ನಿಗೆ ಹಾಕುವ ಸ್ಟ್ರಿಪ್ಪಿನ ಹೊಸ ಪೆಟ್ಟಿಗೆ ಬಂದಿತ್ತು. ಹೊಸತು ಒಡೆದಾಗೆಲ್ಲ ಮೊದಲು ನನ್ನದೇ ಬೆರಳಿಗೆ ಚುಚ್ಚಿ ನೋಡುವುದು ನಿಮಗೆ ಗೊತ್ತುಂಟಲ್ಲ. ಸ್ಪಿರಿಟಿನಿಂದ ಒರೆಸಿ ಚುಚ್ಚಿದೆ. ಮುನ್ನೂರರ ಹತ್ತಿರ. ನನಗೆ, ಶುಗರ್ ಎಂಬುದೇ ಇಲ್ಲದವಳಿಗೆ. ಪೆಟ್ಟಿಗೆಯೇ ಹಾಳು ಎಂದು ಇನ್ನೊಂದು ಬೆರಳಿಗೆ ಚುಚ್ಚಿದೆ. ಇನ್ನೂರನಲವತ್ತು. ಆಗ ಬೆರಳುಗಳು ಒಂದಕ್ಕೊಂದು ಅಂಟುವುದು ಗೊತ್ತಾಯಿತು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು, ಒಣಗಿಸಿ, ಮತ್ತೆ ಚುಚ್ಚಿದೆ. ತೊಂಬತ್ತನಾಲ್ಕು.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಜನರ ಹೊಟ್ಟೆಗೆ ಹೋದ ಬೆಲ್ಲವನ್ನು ಮೆಷಿನ್ ನೋಡಿದ್ದಲ್ಲ. ಅಷ್ಟು ಚೂರು ಬೆಲ್ಲ ಹತ್ತು ನಿಮಿಷದಲ್ಲಿ ರಕ್ತಕ್ಕಿಳಿದು ಮುನ್ನೂರು ಮಾಡುವುದಿಲ್ಲ. ಬೆರಳಿಗೆ ಅಂಟಿದ ಬೆಲ್ಲವನ್ನು ಅದು ನೋಡಿದ್ದು. ಬೆಲ್ಲ ಹಿಡಿದದ್ದೂ ಬಲಗೈ, ನನಗೆ ಚಾಚಿದ್ದೂ ಬಲಗೈ. ಸ್ಪಿರಿಟಿನ ಹತ್ತಿಗೆ ಬೆಲ್ಲದ ಅಂಟು ಹೋಗುವುದಿಲ್ಲ. ಮೆಷಿನ್ನಿನ ಜತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಉಂಟು, ಕೈ ತೊಳೆಸಿ ಎಂದು. ನಾನು ಓದಿರಲಿಲ್ಲ, ಇದೆಲ್ಲ ನನಗೆ ಗೊತ್ತಿಲ್ಲದ್ದಾ ಎಂಬ ಜಂಬ. ಮಾತ್ರೆ ಏರಿಸುವ ಮೊದಲು ಒಂದು ಸಲ ಹೊರಗಿನ ಲ್ಯಾಬಿನಲ್ಲಿ ನೋಡಿಸಬಹುದಿತ್ತು, ಅದನ್ನೂ ಮಾಡಿಸಲಿಲ್ಲ. ಯಲ್ಲವ್ವನನ್ನು ಬೀಳಿಸಿದ್ದು ನಿಮ್ಮ ಬೆಲ್ಲ ಅಲ್ಲ, ತೊಳೆಯದ ಕೈಗೆ ನಾನು ಚುಚ್ಚಿದ ಸೂಜಿ. ತಪ್ಪಾಯಿತು ವಾರಿಜಕ್ಕ. ಇದನ್ನು ನಿಮ್ಮ ಎದುರು ಹೇಳಬೇಕಿತ್ತು. ಹೇಳುವ ಬಾಯಿ ನನ್ನ ಹತ್ತಿರ ಇತ್ತು, ಕೇಳುವ ಕಿವಿ ಬಾಗಿಲಲ್ಲೇ ಕೂತಿತ್ತು, ಆರು ತಿಂಗಳು.

ಬೈದದ್ದು ಬೆಂಚಿನ ಎದುರು, ಹಾಗಾಗಿ ಒಪ್ಪಿಕೊಳ್ಳುವುದೂ ಬೆಂಚಿನ ಎದುರೇ ಎಂದು ತೀರ್ಮಾನಿಸಿದೆ. ಹೋದ ಗುರುವಾರ ಪರದೆ ಸರಿಸಿ ಜಗಲಿಗೆ ಬಂದೆ. ಎಲ್ಲರೂ ಎದ್ದು ನಿಂತರು. ಕೂತ್ಕೊಳ್ಳಿ ಎಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಬೆಲ್ಲದ್ದು, ಬೆರಳಿನದ್ದು, ನನ್ನದು. ಯಲ್ಲವ್ವನೂ ಇದ್ದಳು, ಅವಳ ಮುಖ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದೆ. ಮುಗಿಸಿ, "ವಾರಿಜಕ್ಕ ಬೆಲ್ಲ ನಿಲ್ಲಿಸಿದ ಮೇಲೆ ನಿಮ್ಮ ಶುಗರೆಲ್ಲ ಇಳಿದದ್ದೂ ಇದೇ ಕಾರಣಕ್ಕೆ" ಎಂದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಫ್ಲೋರಿನ್ ಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬೆಲ್ಲ ಎಲ್ಲಿ ನಿಂತಿತ್ತು ಡಾಕ್ಟ್ರೇ?" ಎಂದರು ಫ್ಲೋರಿನ್ ಬಾಯಿ. "ಡಬ್ಬಿ ಗೇಟಿನ ಹತ್ರ ನೀರಿನ ನಳ್ಳಿಯ ಬದಿಗೆ ಹೋಯ್ತು ಅಷ್ಟೆ. ಅಲ್ಲೇ ಕೊಟ್ಟು, ಅಲ್ಲೇ ಸೋಪು ಹಾಕಿಸಿ ಕೈ ತೊಳಿಸಿ ಒಳಗೆ ಕಳಿಸ್ತಿದ್ರು. ಶುಗರಿನವರಿಗೆ ಅಕ್ಕಿಕಾಳಿನಷ್ಟು. 'ಅಂಟು ಕೈ ತಕೊಂಡು ಹೋದ್ರೆ ಡಾಕ್ಟ್ರಿಗೆ ಗೊತ್ತಾಗ್ತದೆ, ಮತ್ತೆ ನನ್ನ ತಲೆ ತಿಂತಾರೆ' ಅಂತ." ಪ್ಲಾಸ್ಟರ್ ಇದ್ದ ದಿನಗಳಲ್ಲಿ ಅವರಿಗೂ ಬೆಲ್ಲ ತಪ್ಪಿರಲಿಲ್ಲವಂತೆ. ಕೈ ಆಗದ್ದಕ್ಕೆ ನೀವೇ ಬಾಯಿಗೆ ಹಾಕುತ್ತಿದ್ದಿರಂತೆ, ನಾನು ಚುಚ್ಚಿದ್ದು ಬೆಲ್ಲ ಮುಟ್ಟದ ಎಡಗೈಗೆ. ನನ್ನ ಆ ಪಥ್ಯದ ಭಾಷಣ ನೆನಪಾಗಿ ಬೆಂಚಿಡೀ ನಕ್ಕಿತು. ನಾನೂ ನಕ್ಕೆ, ಆಮೇಲೆ ಅತ್ತೆ, ಆಮೇಲೆ ಎರಡೂ ಒಟ್ಟಿಗೆ ಬಂತು. ಅಂದರೆ ಆ ಆರು ತಿಂಗಳು ನಾನು ಸರಿ ಎಂದು ಬೀಗಿದ್ದು ನೀವು ತೊಳೆಸಿದ ಕೈಗಳಿಂದ. ಒಂದು ದಿನವೂ ನೀವು ಬೆಲ್ಲ ನಿಲ್ಲಿಸಲಿಲ್ಲ. ನಿಮಗೆ ಗೊತ್ತಿತ್ತಾ ವಾರಿಜಕ್ಕ, ಕೈ ತೊಳೆದರೆ ಲೆಕ್ಕ ಸರಿಯಾಗುತ್ತದೆಂದು? ಅಥವಾ ಬರೀ ನನ್ನ ಕಣ್ಣು ತಪ್ಪಿಸಲಿಕ್ಕೆ... ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂದರೆ, ನಾನು ಕೇಳುವ ಹಾಗೆ ಇರಲಿಲ್ಲ ಎಂದೇ ಅರ್ಥ.

ಯಲ್ಲವ್ವನ ಮಾತು ಹೇಳದೆ ಮುಗಿಸಲಾರೆ. ಎಲ್ಲರೂ ಹೋದ ಮೇಲೆ ಅವಳ ಹತ್ತಿರ ಹೋಗಿ, ನನ್ನಿಂದ ನಿನಗೆ ಹಾಗಾಯಿತು ಎಂದೆ. "ಬಿಡ್ರಿ ಅಕ್ಕಾರ. ಬಿದ್ದದ್ದು ನನಗ ನೆನಪಿಲ್ಲ, ಅಜ್ಜಿ ತೊಡಿ ಮ್ಯಾಲ ತಲಿ ಇಟಗೊಂಡಿದ್ದು ಅಷ್ಟ ನೆನಪೈತ್ರಿ" ಎಂದಳು. ಅವಳಿಗೆ ಈಗ ಕಲ್ಲು ಹೊರಲು ಆಗುವುದಿಲ್ಲ. ಹಾಗಾಗಿ ಒಂದು ಸುದ್ದಿ. ನಿಮ್ಮ ಕುರ್ಚಿಯಲ್ಲಿ ಈಗ ಕೂರುವವಳು ಅವಳು. ನಂಬರ್ ಪ್ರಕಾರ ಬಿಡುವುದಿಲ್ಲ, ಅದನ್ನು ನಿಮ್ಮಿಂದಲೇ ಕಲಿತಿದ್ದಾಳೆ. ಬಂದವರಿಗೆ "ಬರ್ರಿ, ಕುಲ್ಲುಲೆ" ಎನ್ನುತ್ತಾಳೆ, ಬನ್ನಿ ಎನ್ನಲು ಅವಳ ಕನ್ನಡ, ಕೂತ್ಕೊಳ್ಳಿ ಎನ್ನಲು ನಿಮ್ಮ ತುಳು. ಡಬ್ಬಿ ಜಗಲಿಗೆ ವಾಪಸ್ ಬಂದಿದೆ. ನಳ್ಳಿಯ ಹತ್ತಿರ ಸೋಪು ಇಟ್ಟಿದ್ದೇವೆ. ಮೊದಲು ಕೈ, ಆಮೇಲೆ ಸೂಜಿ, ಆಮೇಲೆ ಬೆಲ್ಲ ನೀರು. ಶುಗರಿನವರಿಗೆ ಬೆಲ್ಲ ಒಳ್ಳೆಯದೆಂದು ನಾನು ಈಗಲೂ ಹೇಳುವುದಿಲ್ಲ, ನಿಮ್ಮ ಅಕ್ಕಿಕಾಳಿನ ಅಳತೆಗೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಇನ್ನೊಂದು ವಿಷಯ ನಿನ್ನೆ ಹೊಳೆಯಿತು. ಗೇಟು ದಾಟಿ ಬಂದ ಎಲ್ಲರಿಗೂ ಎಂಟು ವರ್ಷ ಬೆಲ್ಲ ಕೊಟ್ಟ ನೀವು, ನನಗೆ ಒಂದು ದಿನವೂ ಕೊಡಲಿಲ್ಲ. ಹೇಗೆ ಕೊಡುತ್ತೀರಿ? ನಾನು ಆ ಬಾಗಿಲಿಗೆ ಬಂದರೆ ತಾನೆ. ಸ್ಕೂಟರಿನ ಸದ್ದು ಹಿತ್ತಿಲಲ್ಲಿ ಕೇಳಿದಾಗೆಲ್ಲ ನೀವು ಒಮ್ಮೆ ತಿರುಗಿ ನೋಡುತ್ತಿದ್ದಿರಂತೆ, ಯಲ್ಲವ್ವ ಹೇಳಿದಳು.

ನಾಳೆ ಮಂಗಳವಾರ. ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸಿ, ನಳ್ಳಿಯಲ್ಲಿ ಕೈ ತೊಳೆದು, ಮುಂದಿನ ಬಾಗಿಲಿಂದಲೇ ಬರುತ್ತೇನೆ. ಬೆಂಚಿನಲ್ಲಿ ಉಳಿದವರ ಜತೆ ಕೂತು ಬಲಗೈ ಚಾಚುತ್ತೇನೆ.

ನಿಮ್ಮ
ಮಗಾ